ಪಕ್ಕದ ಮನೆಗೆ ಏಳು ಅಂಕ

ವೆನಿಂಗ್ ಬಾಗಿಲು ತೆಗೆದರೆ ಇಬ್ಬರು ನಿಂತಿದ್ದರು. ಮುಂದೆ ಮೂರನೆಯ ಮಹಡಿಯ ಮುಖ್ಯಸ್ಥೆ ಸುಮಿಯಾತಿ, ಎಲ್ಲರ ಬಾಯಲ್ಲೂ 'ಬು' ಅಂದರೆ ಅಮ್ಮ, ಕೈಯಲ್ಲಿ ಸೌಟು. ಹಿಂದೆ ಪಕ್ಕದ ಮನೆಯ ತಿರ್ತೊ, ಕಣ್ಣಲ್ಲಿನ್ನೂ ನಿದ್ದೆ, ಮುಷ್ಟಿ ಮಾತ್ರ ಬಿಗಿ.

"ಎಲ್ಲಿ ಅವನು?" ಎಂದರು ಬು ಸುಮಿಯಾತಿ.

"ಯಾರು ಬು?" ವೆನಿಂಗ್‌ಗೆ ಏನೂ ತಿಳಿಯಲಿಲ್ಲ.

"ನಿನ್ನ ಹೊಡೀತಿರೋನು. ಹೆದರ್ಬೇಡ ಮಗು, ಹೇಳು. ನಾಲ್ಕು ದಿನದಿಂದ ಈ ತಿರ್ತೊ ಕೇಳಿಸ್ಕೊಳ್ತಾ ಇದಾನಂತೆ. ಗಂಡಸು ಕೂಗಾಡ್ತಾನೆ, ಹೆಂಗಸು ಅಳ್ತಾಳೆ, ತಟ್ಟೆ ಒಡೆಯುತ್ತೆ. ಆಮೇಲೆ ಮತ್ತೆ ಮೊದಲಿಂದ!"

"ಭಾಷೆ ಯಾವುದು ಅಂತ ಗೊತ್ತಾಗಲಿಲ್ಲ," ತಿರ್ತೊ ಮೆಲ್ಲಗೆ ಸೇರಿಸಿದ. "ಜಾವಾದ್ದಲ್ಲ, ಮದುರಾದ್ದೂ ಅಲ್ಲ. ಯಾರೋ ಹೊರದೇಶದೋನು ಅಂದ್ಕೊಂಡೆ."

ವೆನಿಂಗ್ ತಿರುಗಿ ನೋಡಿದಳು. ಮೇಜಿನ ಮೇಲೆ ಕಂಪ್ಯೂಟರು. ಅದರ ಪರದೆಯಲ್ಲಿ ಹೆಬ್ಬೆರಳಿನಷ್ಟು ಎತ್ತರದ ಗಂಡ, ಅಷ್ಟೇ ಎತ್ತರದ ಹೆಂಡತಿ, ಇಬ್ಬರ ನಡುವೆ ಒಡೆದ ತಟ್ಟೆ. ಯಾರಿಗೂ ಅರ್ಥವಾಗದ ತಮ್ಮ ಆಟದ ಭಾಷೆಯಲ್ಲಿ ಅವರು ಇನ್ನೂ ಜಗಳವಾಡುತ್ತಲೇ ಇದ್ದರು.

ಅವಳಿಗೆ ನಗು ಬಂತು. ಮೊದಲು ತುಟಿ ಕಚ್ಚಿ ತಡೆದಳು. ಆಮೇಲೆ ಬಾಗಿಲಿಗೊರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

"ಇದಾ?" ಬು ಸುಮಿಯಾತಿ ಪರದೆಯ ಹತ್ತಿರ ಹೋಗಿ ಸೌಟು ತೋರಿಸಿದರು. "ಈ ಗೊಂಬೇನಾ?"

"ಇದು ನನ್ನ ಕೆಲಸ ಬು. ಹೊಸ ಗೇಮ್ ಬಂದಾಗ ಆಡಿ, ಹೇಗಿದೆ ಅಂತ ಬರೀತೀನಿ. ಜಗಳ ಸರಿಯಾಗಿ ಆಗುತ್ತಾ ಅಂತ ಹತ್ತು ಸಲ ನೋಡಬೇಕಲ್ಲ!"

"ಆಡೋದಕ್ಕೆ ಸಂಬಳ ಕೊಡ್ತಾರಾ?" ಎಂದು ಕೇಳಿದ ಬು ಸುಮಿಯಾತಿ, ಉತ್ತರಕ್ಕೂ ಕಾಯದೆ ಒಲೆಯ ಮೇಲಿಟ್ಟದ್ದು ನೆನಪಾಗಿ ಓಡಿದರು.

ತಿರ್ತೊ ಉಳಿದ. ಬಿಗಿಹಿಡಿದ ಮುಷ್ಟಿಯನ್ನು ಈಗ ಎಲ್ಲಿಡಬೇಕೆಂದು ತೋಚದೆ ಬೆನ್ನ ಹಿಂದೆ ಕಟ್ಟಿಕೊಂಡ.

"ಕ್ಷಮಿಸಿ ಮ್ಬಾಕ್," ಎಂದ. ಅಕ್ಕ ಎಂದಷ್ಟೇ ಗೌರವದ ಮಾತು ಅದು, ಆದರೂ ಅವನ ಕಿವಿಗಳು ಕೆಂಪಾಗಿದ್ದವು. "ಅವರಿಬ್ಬರು... ರಾಜಿ ಆಗ್ತಾರಾ?"

ಜಾವಾದ ಬಂದರು ಊರು ಸುರಬಾಯದ ಆ ಫ್ಲ್ಯಾಟುಗಳಲ್ಲಿ ಯಾರೂ ಹಗಲು ಬಾಗಿಲು ಹಾಕುವವರಲ್ಲ. ಅಗಲವಾದ ಕಾರಿಡಾರು, ಅದರ ತುದಿಯಲ್ಲಿ ಎಲ್ಲರಿಗೂ ಸೇರಿದ ಅಡುಗೆಕೋಣೆ, ಒಬ್ಬರ ಒಗ್ಗರಣೆಗೆ ಇನ್ನೊಬ್ಬರ ಸೀನು. ಮುಚ್ಚಿದ್ದು ವೆನಿಂಗ್‌ಳ ಬಾಗಿಲೊಂದೇ. ಅವಳ ಮದುವೆಗೆ ಆರು ವಾರ ಇರುವಾಗ, ಮದುವೆಯಾಗಬೇಕಿದ್ದ ದನು "ನನಗೆ ಆಗಲ್ಲ" ಎಂದು ಒಂದು ಸಾಲಿನ ಮೆಸೇಜ್ ಕಳಿಸಿದ್ದ. ಆಮೇಲೆ ಅವಳ ತಂದೆತಾಯಿಯ ಓಣಿಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಅದನ್ನು ತಪ್ಪಿಸಿಕೊಳ್ಳಲೆಂದೇ ಅವಳು ಇಲ್ಲಿಗೆ ಬಂದದ್ದು. ಅಡುಗೆಕೋಣೆ ಖಾಲಿಯಾದ ಮೇಲಷ್ಟೇ ಅನ್ನಕ್ಕೆ ಇಡುತ್ತಿದ್ದಳು.

ಮರುದಿನ ಸಂಜೆ ನಾಲ್ಕಕ್ಕೆ ತಿರ್ತೊ ಮತ್ತೆ ಬಂದ. ಅವನು ಬಂದರಿನಲ್ಲಿ ಕ್ರೇನ್ ನಡೆಸುವವನು. ರಾತ್ರಿ ಪಾಳಿ, ಹಗಲು ನಿದ್ದೆ. ಕೈಯಲ್ಲಿ ಕಿವಿ ಮುಚ್ಚುವ ದೊಡ್ಡ ಹಳದಿ ಕವಚ ಹಿಡಿದಿದ್ದ.

"ನನಗಾ?" ಎಂದಳು.

"ಅಲ್ಲ, ನನಗೇ ತಂದ್ಕೊಂಡಿದ್ದು. ಆದರೆ ಇದನ್ನ ಹಾಕ್ಕೊಂಡ್ರೆ ಆ ಗಂಡ ಹೆಂಡತಿ ಏನಾದ್ರು ಅಂತ ಗೊತ್ತಾಗಲ್ಲ. ಅದಕ್ಕೇ ಇನ್ನೂ ನಿದ್ದೆ ಬರಲ್ಲ."

ಅಂದಿನಿಂದ ಅದು ಅಭ್ಯಾಸವಾಯಿತು. ಅವನು ಒಳಗೆ ಬರುತ್ತಿರಲಿಲ್ಲ. ಕಾರಿಡಾರಿನವರಿಗೆಲ್ಲ ಕಾಣುವಂತೆ ಹೊಸ್ತಿಲ ಮೇಲೇ ಕೂರುತ್ತಿದ್ದ. ಅವಳ ಬಾಗಿಲು ಹಾಗೆ ತೆರೆದುಕೊಳ್ಳತೊಡಗಿತು. 'ಪುಟ್ಟ ಬದುಕು' ಎಂಬ ಆ ಆಟದಲ್ಲಿ ಜನರನ್ನು ಮಾಡಿ, ಮನೆ ಕಟ್ಟಿಕೊಟ್ಟು, ಉಣ್ಣಿಸಿ ಮಲಗಿಸುವುದು. ಚಾವಣಿ ತೆಗೆದ ಮನೆಗಳನ್ನು ಮೇಲಿನಿಂದ ನೋಡುವುದು. ಈಗ ಬಂದಿದ್ದ ಹೊಸ ಭಾಗದ ಹೆಸರು 'ಪಕ್ಕದ ಮನೆ'. ಅಪಾರ್ಟ್‌ಮೆಂಟಿನ ಬದುಕು, ತೆಳು ಗೋಡೆ, ಕೇಳದೆ ಬಂದು ಬಾಗಿಲು ಬಡಿಯುವ ನೆರೆಯವರು.

"ನಾನೂ ಜನರನ್ನ ನೋಡೋದು ಹೀಗೇ," ಎಂದ ತಿರ್ತೊ. "ನಲವತ್ತು ಮೀಟರ್ ಮೇಲೆ ಕೂತಿರ್ತೀನಿ, ಕಾಲ ಕೆಳಗೆ ಗಾಜು. ಕೆಳಗೆ ಬರೀ ಹೆಲ್ಮೆಟ್‌ಗಳು ಓಡಾಡ್ತವೆ. ಒಂದಕ್ಕೂ ಮುಖ ಇಲ್ಲ."

"ಬೇಜಾರಾಗಲ್ವಾ?"

"ಅಭ್ಯಾಸ ಆಗಿತ್ತು." ಅವನು ಅವಳ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದ. ಸಿಕ್ಕಿಬಿದ್ದವನಂತೆ ಥಟ್ಟನೆ ಪರದೆಯ ಕಡೆ ತಿರುಗಿದ. "ಇವರ ಕಾರಿಡಾರಲ್ಲಿ ಯಾರೂ ಬಟ್ಟೆ ಒಣಗಿಸಲ್ವಾ? ಬೆಕ್ಕಿಲ್ವಾ? ಒಬ್ಬರಾದ್ರೂ ಉಪ್ಪು ಕೇಳ್ಕೊಂಡು ಬರಲ್ವಾ?"

ಅವಳು ನಗುತ್ತ ಬರೆದುಕೊಂಡಳು: ಬಟ್ಟೆ ಇಲ್ಲ, ಬೆಕ್ಕಿಲ್ಲ, ಉಪ್ಪಿಲ್ಲ.

"ಇದರಲ್ಲಿ ಇಬ್ಬರು ಪ್ರೀತಿಸೋಕೆ ಎಷ್ಟು ಹೊತ್ತು ಬೇಕು?" ಇನ್ನೊಂದು ದಿನ ಕೇಳಿದ.

"ಚೆನ್ನಾಗಿ ಮಾತಾಡಿಸಿದ್ರೆ ಎರಡು ಗಂಟೆ ಸಾಕು, ಮಾಸ್," ಎಂದಳು, ಅಣ್ಣ ಎಂದಷ್ಟೇ ಗೌರವದಿಂದ.

"ಎರಡೇನಾ? ನಾನು ಒಂದು ವಾರದಿಂದ ಬರ್ತಾ..." ಎಂದವನು ಅಲ್ಲಿಗೇ ನಿಲ್ಲಿಸಿದ.

ವೆನಿಂಗ್ ಕೀಬೋರ್ಡಿನಿಂದ ತಲೆಯೆತ್ತಲಿಲ್ಲ. ಆದರೆ ಆ ಹೊತ್ತು ಅವಳು ಒತ್ತಿದ ಕೀಲಿಗಳಿಂದ ಪರದೆಯ ಗಂಡಸು ಸುಮ್ಮನೆ ಮೂರು ಸಲ ಸ್ನಾನ ಮಾಡಿದ.

ಅಮ್ಮನ ವಿಷಯ ಅವನಾಗಿಯೇ ಹೇಳಿದ್ದು ಒಂಬತ್ತನೆಯ ದಿನ. ಆಟದ ನೆರೆಯವಳೊಬ್ಬಳು ಹಣ್ಣಿನ ಕೇಕ್ ಹಿಡಿದು ಬಾಗಿಲು ಬಡಿದಿದ್ದಳು. ಅದನ್ನು ನೋಡುತ್ತ ನೋಡುತ್ತ ಅವನ ದನಿ ಬದಲಾಯಿತು.

"ಅಮ್ಮ ಹೋದಾಗ ನಾನು ಮೇಲಿದ್ದೆ. ಫೋನ್ ಆಫ್ ಮಾಡಿರಬೇಕು, ಅದು ನಿಯಮ. ಬೆಳಿಗ್ಗೆ ಇಳಿದು ಬಂದರೆ ಈ ಮಹಡಿಯ ಹೆಂಗಸರೇ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ಎಲ್ಲ ಮುಗಿಸಿದ್ರು. ನಲವತ್ತು ದಿನ ನನ್ನ ಬಾಗಿಲಿಗೆ ಊಟದ ಡಬ್ಬಿ ತಗಲಾಕಿದ್ರು. ನಾನು ತಿಂದೆ ಮ್ಬಾಕ್. ತಿಂದು, ತೊಳೆದು, ಹೊರಗಿಡ್ತಿದ್ದೆ. ಯಾರಿಗೂ ಒಂದು ಮಾತು ಹೇಳಲಿಲ್ಲ. ಎರಡು ವರ್ಷ ಆಯ್ತು. ಬಾಯಿ ತೆಗೆದ್ರೆ ಅತ್ತುಬಿಡ್ತೀನಿ ಅನ್ನೋ ಭಯ."

ವೆನಿಂಗ್ ಕಂಪ್ಯೂಟರಿನ ದನಿ ನಿಲ್ಲಿಸಿದಳು. ಡ್ಯೂಟಿಗೆ ಹೊರಡುವ ಹೊತ್ತಾಗುವತನಕ ಅವನು ಹೊಸ್ತಿಲ ಮೇಲೇ ಇದ್ದ.

ಆದರೆ ಅವನು ಹೋದ ಮೇಲೆ ಅವಳು ಬರೆಯಲು ಕೂತಳು. ವಾರದಿಂದ ಸಪ್ಪೆಯಾಗಿ ಬಿದ್ದಿದ್ದ ವಿಮರ್ಶೆಗೆ ಒಮ್ಮೆಲೇ ಜೀವ ಬಂತು. ಹಣ್ಣಿನ ಕೇಕಿನ ಪಕ್ಕದಲ್ಲಿ ನಲವತ್ತು ಡಬ್ಬಿಗಳು. ಹೆಸರು ಹಾಕಲಿಲ್ಲ, 'ನನ್ನ ಪಕ್ಕದ ಮನೆಯವರು' ಎಂದಷ್ಟೇ ಬರೆದು ವೆಬ್‌ಸೈಟಿನ ಎಡಿಟರ್ ಹನಾಫಿಗೆ ಕಳಿಸಿದಳು. ಹತ್ತೇ ನಿಮಿಷದಲ್ಲಿ ಫೋನ್ ಬಂತು.

"ವೆನಿಂಗ್, ಓದ್ತಾ ಓದ್ತಾ ಕಣ್ಣು ಒದ್ದೆ ಆಯ್ತು. ಗುರುವಾರ ಮುಖಪುಟಕ್ಕೆ ಇದೇ. ನಿನ್ನ ಕಾಯಂ ಕೆಲಸದ ಮಾತೂ ಇದರ ಮೇಲೇ ಮುಗಿಸ್ತೀನಿ."

ಮಂಗಳವಾರ ಸಂಜೆ ಅವಳು ಸಂಭ್ರಮದಿಂದ ಅದನ್ನು ತಿರ್ತೊಗೆ ಓದಿ ಹೇಳಿದಳು. ಬಟ್ಟೆ, ಬೆಕ್ಕು, ಉಪ್ಪಿಗೆ ಅವನು ನಕ್ಕ. ಡಬ್ಬಿಯ ಸಾಲು ಬರುತ್ತಲೇ ನಗು ನಿಂತಿತು.

"ನನ್ನಮ್ಮನ್ನ ಇದರೊಳಗೆ ಹಾಕಿದ್ರಾ?"

"ಹೆಸರು ಹಾಕಿಲ್ಲ ಮಾಸ್..."

"ಹೆಸರು ಯಾಕೆ? ಈ ಮಹಡಿಯವರು ಓದಿದ್ರೆ ಗೊತ್ತಾಗಲ್ವಾ? ನನ್ನ ಬಾಯಿಂದ ಬರದೇ ಇರೋ ಮಾತು ಅವರಿಗೆ ಫೋನಲ್ಲಿ ಸಿಗಬೇಕಾ?" ದನಿ ಏರಿರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನಿಮಗೆ ಹೇಳಿದೆ ಮ್ಬಾಕ್. ಗೇಮಿಗೆ ಹೇಳಲಿಲ್ಲ."

ಅವನು ಎದ್ದು ಹೋದ. ಗೋಡೆಯಾಚೆ ಅವನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಅಷ್ಟು ತೆಳು ಗೋಡೆ.

ವೆನಿಂಗ್ ಪರದೆಯ ಮೇಲಿನ ಆ ಸಾಲುಗಳನ್ನು ಮತ್ತೆ ಓದಿದಳು. ಓಣಿಯ ಜನ ತನ್ನ ಮುರಿದ ಮದುವೆಯನ್ನು ಬಾಯಿಂದ ಬಾಯಿಗೆ ದಾಟಿಸಿದಾಗ ಎಷ್ಟು ಉರಿದಿತ್ತು! ಈಗ ತಾನು ಮಾಡಿದ್ದೇನು? ಚೆಂದದ ಭಾಷೆಯಲ್ಲಿ ಅದನ್ನೇ ಅಲ್ಲವೇ?

ಹನಾಫಿಗೆ ಫೋನ್ ಮಾಡಿದಳು. "ಆ ಭಾಗ ತೆಗೆಯಿರಿ."

"ತಲೆ ಕೆಟ್ಟಿದೆಯಾ? ಅದನ್ನ ತೆಗೆದ್ರೆ ಇನ್ನೇನಿದೆ? ಬಟ್ಟೆ, ಬೆಕ್ಕು! ಕಾಯಂ ಆಗೋ ವಿಷಯ ಏನು ಮಾಡೋಣ?"

"ಅದು ನನ್ನದಲ್ಲ. ಕೇಳದೆ ತಗೊಂಡೆ. ನಾಳೆ ಮಧ್ಯಾಹ್ನದೊಳಗೆ ಬೇರೆ ಬರೆದು ಕೊಡ್ತೀನಿ. ಹಿಡಿಸದಿದ್ರೆ ಬಿಡಿ."

ಬುಧವಾರ ಅವಳು ಬರೆದದ್ದು ತನ್ನ ಬಗ್ಗೆ. ಅದಾದರೂ ತನ್ನ ಸ್ವಂತದ್ದು.

'ಈ ಆಟದಲ್ಲಿ ನೆರೆಯವರು ಬರದಂತೆ ಮಾಡುವ ಒಂದು ಗುಂಡಿಯಿದೆ,' ಎಂದು ಬರೆದಳು. 'ಮೊದಲ ದಿನವೇ ಅದನ್ನು ಒತ್ತಿದೆ. ಮನೆ ಶಾಂತವಾಯಿತು. ಮೂರನೆಯ ದಿನ ನನ್ನ ಗೊಂಬೆ ಕಿಟಕಿಯ ಹತ್ತಿರ ಹೋಗಿ ನಿಂತಿತು, ನೆರೆಯವರನ್ನು ಮತ್ತೆ ಬರಬಿಡುವತನಕ ಏನು ಹೇಳಿದರೂ ಕದಲಲಿಲ್ಲ. ಅದು ಆಟದ ದೋಷವಲ್ಲ. ನಾಲ್ಕು ತಿಂಗಳಿಂದ ನಾನೂ ಹಾಗೇ ನಿಂತಿದ್ದೆ. ಹತ್ತಿರ ಬಂದವರು ನೋಯಿಸುತ್ತಾರೆ ಎಂದು ನನಗೆ ಗೊತ್ತಿತ್ತು. ಹತ್ತಿರ ಬಿಟ್ಟುಕೊಂಡವರನ್ನು ನಾನೂ ನೋಯಿಸಬಲ್ಲೆ ಎಂದು ಈ ವಾರ ಗೊತ್ತಾಯಿತು. ಆಟದಲ್ಲಿ ಹಳೆಯ ದಿನಕ್ಕೆ ವಾಪಸ್ ಹೋಗಿ ತಿದ್ದಿಕೊಳ್ಳಬಹುದು, ಬದುಕಿನಲ್ಲಿ ಆಗದು. ಅದಕ್ಕೇ ಹತ್ತಕ್ಕೆ ಏಳು ಅಂಕ, ಹೆಚ್ಚಿಲ್ಲ.'

ಹನಾಫಿ ಅದನ್ನು ಗುರುವಾರ ಬೆಳಿಗ್ಗೆ ಹಾಕಿದ. ಮುಖಪುಟದಲ್ಲಿ ಬೇರೆ ಯಾರದೋ ಲೇಖನ ಬಂತು. ಕಾಯಂ ಕೆಲಸದ ಮಾತು ಮತ್ತೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ವೆನಿಂಗ್ ಅಡುಗೆಕೋಣೆಗೆ ಹೋದಳು. ಎಲ್ಲರೂ ಇರುವ ಹೊತ್ತಿಗೇ, ಬೇಕೆಂದೇ. ಬು ಸುಮಿಯಾತಿ ಒಲೆಯ ಪಕ್ಕ ಜಾಗ ಬಿಟ್ಟುಕೊಟ್ಟರು, ಏನೂ ಕೇಳಲಿಲ್ಲ. ಅವಳು ಸೋಯಾ ಕಾಳಿನ ಟೆಂಪೆ ಹೆಚ್ಚುತ್ತಿದ್ದಾಗ ತಿರ್ತೊ ಪಾಳಿ ಮುಗಿಸಿ ಮೆಟ್ಟಿಲು ಹತ್ತಿ ಬಂದ. ನೇರವಾಗಿ ಅವಳ ಎದುರೇ ಬಂದು ನಿಂತ.

"ಓದಿದೆ. ಕ್ರೇನ್ ಹತ್ತೋ ಮೊದಲು ಒಂದು ಸಲ, ಇಳಿದ ಮೇಲೆ ಒಂದು ಸಲ."

"ಮಾಸ್, ನಾನು ಕ್ಷಮೆ..."

"ಇರಿ. ಮೂರು ದಿನ ಬಾಗಿಲು ಹಾಕ್ಕೊಂಡು ಕೂತೋನು ನಾನು. ಅದೂ ತಪ್ಪೇ." ಅವನು ಬು ಸುಮಿಯಾತಿಯ ಕಡೆ ತಿರುಗಿದ. "ಬು, ಅಮ್ಮನಿಗೆ ನೀವೆಲ್ಲ ಮಾಡಿದ್ದಕ್ಕೆ... ನಾನು ಯಾವತ್ತೂ..."

ಅವನು ಹೆದರಿದ್ದ ಹಾಗೆಯೇ ಅತ್ತುಬಿಟ್ಟ. ಬು ಸುಮಿಯಾತಿ ಒದ್ದೆ ಕೈಯನ್ನೇ ಅವನ ತಲೆಯ ಮೇಲಿಟ್ಟು, "ಹುಚ್ಚ, ಅವಳು ನನ್ನ ಗೆಳತಿ ಕಣೋ," ಎಂದರು. ಒಲೆಗಳ ಮುಂದಿದ್ದ ಹೆಂಗಸರೆಲ್ಲ ಮೂಗು ಒರೆಸಿಕೊಂಡರು. ಒಬ್ಬಳು ಮಾತ್ರ ಈರುಳ್ಳಿಯ ನೆಪ ಹೇಳಿದಳು.

ತಿರ್ತೊ ತೋಳಿನಿಂದ ಮುಖ ಒರೆಸಿಕೊಂಡ. ಹೇಗೂ ಅತ್ತಾಗಿದೆ, ಇನ್ನೇನು ನಾಚಿಕೆ ಎಂಬಂತೆ ವೆನಿಂಗ್ ಕಡೆ ತಿರುಗಿ, "ನೀನಂದ್ರೆ ನನಗೆ ಇಷ್ಟ, ವೆನಿಂಗ್," ಎಂದ.

'ಮ್ಬಾಕ್' ಇಲ್ಲ, 'ನೀವು' ಇಲ್ಲ. ಇಡೀ ಅಡುಗೆಕೋಣೆ ಕೈಯಲ್ಲಿದ್ದ ಸೌಟು ನಿಲ್ಲಿಸಿತು.

ಅವಳ ಎದೆ ಹಾರಿತು. ಆದರೂ ಮೆಲ್ಲಗೆ ಹೇಳಿದಳು: "ರಾತ್ರಿಯೆಲ್ಲ ನಿದ್ದೆ ಇಲ್ಲ, ಈಗ ಅತ್ತಿದೀರಿ. ಹೋಗಿ ಮಲಗಿ. ಎದ್ದ ಮೇಲೂ ಹಾಗೇ ಅನ್ನಿಸಿದ್ರೆ ಬಂದು ಹೇಳಿ. ಆಗ ಉತ್ತರ ಕೊಡ್ತೀನಿ."

"ಅಯ್ಯೋ, ಪಾಪ!" ಎಂದರು ಹೆಂಗಸರು. ಅವನು ತಲೆಯಾಡಿಸಿ ಹೋದ.

ಆಮೇಲಿನ ಐದು ಗಂಟೆ ವೆನಿಂಗ್‌ಗೆ ಏನೂ ನೆಟ್ಟಗೆ ಆಗಲಿಲ್ಲ. ಟೆಂಪೆ ಸೀದುಹೋಯಿತು. ತೊಳೆದ ಲೋಟವನ್ನೇ ತೊಳೆದಳು. ಗೋಡೆಗೆ ಕಿವಿಯಿಟ್ಟು, ನಾಚಿ, ಹಿಂದೆ ಸರಿದಳು. ಎದ್ದ ಮೇಲೆ ಅವನಿಗೆ ಬೇರೆ ಅನ್ನಿಸಿದರೆ? ಒಂದು ಸಾಲಿನಲ್ಲಿ ಬದುಕು ತಲೆಕೆಳಗಾದದ್ದನ್ನು ಕಂಡವಳು ಅವಳು.

ಒಂದೂವರೆಗೆ ಅವನು ಬಂದ. ಕೆನ್ನೆಯ ಮೇಲೆ ದಿಂಬಿನ ಗೆರೆ, ಕೂದಲು ಒಂದು ಕಡೆ ಎದ್ದು ನಿಂತಿತ್ತು.

"ನಿದ್ದೆ ಆಯ್ತಾ?"

"ಇಲ್ಲ. ಮಲಗಿದ್ದೆ ಅಷ್ಟೆ." ಅವನು ಉಸಿರೆಳೆದುಕೊಂಡ. "ಈಗಲೂ ಹಾಗೇ ಅನ್ನಿಸ್ತಿದೆ. ಬೆಳಿಗ್ಗೆಗಿಂತ ಸ್ವಲ್ಪ ಹೆಚ್ಚು."

ಅವಳು ನಕ್ಕಳು. ನಗುವಿನ ಕೊನೆ ನಡುಗಿತು. "ನನಗೂ ಇಷ್ಟ, ಮಾಸ್. ಆದರೆ ಮದುವೆ ಬಾಗಿಲ ತನಕ ಹೋಗಿ ವಾಪಸ್ ಬಂದೋಳು ನಾನು. ಭಯ ಹೋಗಿಲ್ಲ. ನಿಧಾನಕ್ಕೆ ಹೋಗೋಣ."

"ನಿಧಾನಕ್ಕೇ. ಇಪ್ಪತ್ತು ಟನ್ ಎತ್ತೋದು, ಇಳಿಸೋದು ನನ್ನ ಕೆಲಸ. ಅವಸರ ನನಗೆ ಗೊತ್ತೇ ಇಲ್ಲ."

ಕಾರಿಡಾರಿನಲ್ಲಿ ಯಾರೋ ಕೆಮ್ಮಿದರು. ಇನ್ಯಾರೋ ಕಿಸಕ್ಕನೆ ನಕ್ಕರು. ವೆನಿಂಗ್ ಅತ್ತ ನೋಡಲಿಲ್ಲ. ಎರಡು ತಟ್ಟೆ ತೆಗೆದಳು. ಅನ್ನ ಬಡಿಸಿದಳು. ಸೀದಿದ್ದನ್ನು ತನ್ನ ತಟ್ಟೆಗೆ ಹಾಕಿಕೊಳ್ಳಹೋಗಿ, ಒಂದು ಗಳಿಗೆ ಯೋಚಿಸಿ, ಅರ್ಧ ಅವನ ತಟ್ಟೆಗೂ ಹಾಕಿದಳು.

"ಊಟಕ್ಕೆ ಬನ್ನಿ," ಎನ್ನಲು ಹೊರಟವಳು ತಡೆದು, ಆ ಚಿಕ್ಕ ಮಾತನ್ನು ಬಾಯಲ್ಲೇ ಒಮ್ಮೆ ತಿದ್ದಿಕೊಂಡು, ಅವನ ಕಣ್ಣನ್ನೇ ನೋಡುತ್ತ ಹೇಳಿದಳು:

"ಬಾ."