ಅವಳ ಬೀಗ, ಅವನ ಹಟ

"ಕರೆಂಟ್ ಬಿಡ್ಬೇಡಿ ಅಂದೋರು ಯಾರ್ರೀ?"

ಕಾರಿನ ಬಾಗಿಲು ಹಾಕುವಷ್ಟೂ ತಾಳ್ಮೆಯಿಲ್ಲದೆ ಅವಳು ಸಬ್‌ಸ್ಟೇಷನ್ನಿಗೆ ನುಗ್ಗಿದಳು. ಹಳೇ ಕೇಬಲ್ ತೆಗೆದು ಹೊಸದು ಹಾಕುವ ಈ ಕೆಲಸಕ್ಕೆ ಅವಳೇ ಪ್ರಾಜೆಕ್ಟ್ ಮ್ಯಾನೇಜರ್. ಸಂಜೆಯಾದರೂ ಅರ್ಧ ಊರಿಗೆ ಕರೆಂಟಿಲ್ಲ! ಮೀಟಿಂಗ್ ಮುಗಿಸಿ ಫೋನ್ ಆನ್ ಮಾಡಿದ್ದೇ ತಡ, ಮೇಲಧಿಕಾರಿ ಬೆಂಡೆತ್ತಿದ್ದರು.

"ನಾನೇ ಮೇಡಂ."

ಸೇಫ್ಟಿ ಆಫೀಸರ್! ತಿಂಗಳುಗಳಿಂದ ಒಂದೇ ಸೈಟಿನಲ್ಲಿದ್ದರೂ ಇಬ್ಬರ ಮಾತು ಗುಡ್ ಮಾರ್ನಿಂಗ್ ದಾಟಿರಲಿಲ್ಲ. ಇವತ್ತು ಅವನ ಮೈಯೆಲ್ಲ ಮಣ್ಣು, ಮೊಣಕೈ ತರಚಿತ್ತು. ಕಣ್ಣು ಮಾತ್ರ ಅವಳ ಮುಖದಿಂದ ಕದಲಲಿಲ್ಲ.

ಅವನು ಸ್ವಿಚ್ ಬೋರ್ಡಿನತ್ತ ಕೈ ತೋರಿಸಿದ. ಕೇಬಲ್ ಸುರಂಗಕ್ಕೆ ಇಳಿಯುವವರೆಲ್ಲ ಮೊದಲು ಅಲ್ಲಿ ತಮ್ಮ ಬೀಗ ಹಾಕಬೇಕು, ಮೇಲೆ ಬಂದು ತಾವೇ ತೆಗೆಯಬೇಕು. ಒಂದು ಬೀಗ ಉಳಿದರೂ ಕರೆಂಟ್ ಬಿಡುವಂತಿಲ್ಲ. ಈಗ ಅಲ್ಲಿ ಒಂದೇ ಬೀಗವಿತ್ತು. ಅದರ ಚೀಟಿಯಲ್ಲಿ ಅವಳದೇ ಫೋಟೋ!

ಬೆಳಿಗ್ಗೆ ತಪಾಸಣೆಗೆ ಇಳಿದಿದ್ದವಳು ಮೀಟಿಂಗಿನ ಅವಸರದಲ್ಲಿ ಬೀಗ ಮರೆತು ಹೊರಟುಬಿಟ್ಟಿದ್ದಳು.

"ಕಟ್ ಮಾಡಿ ತೆಗೀಬಹುದಿತ್ತಲ್ವಾ?"

"ನಿಮ್ಮನ್ನ ಕಣ್ಣಾರೆ ನೋಡೋ ತನಕ ನಾನು ಮುಟ್ಟಲ್ಲ ಮೇಡಂ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು. ಬೀಗ ತೆಗೆದು ಕೊಟ್ಟವಳು ತಿರುಗಿಯೂ ನೋಡದೆ ಹೊರಟಳು.

'ಬೇಕಂತಲೇ ಎಲ್ಲರ ಮುಂದೆ ನನ್ನ ಮರ್ಯಾದೆ ಕಳೆದ!'

ಮಾರನೆಯ ದಿನ ಅವನು ಮಾತಾಡಿಸಲು ಬಂದರೆ, "ಏನಿದ್ರೂ ಮೇಲ್ ಮಾಡಿ" ಎಂದಳು. ಅಷ್ಟಕ್ಕೇ ಬಿಟ್ಟಳೇ? ಅವನನ್ನು ಬೇರೆ ಪ್ರಾಜೆಕ್ಟಿಗೆ ಹಾಕಿ ಎಂದು ಮೇಲಧಿಕಾರಿಗೆ ಬರೆದೂಬಿಟ್ಟಳು. ವಾರದೊಳಗೆ ಆರ್ಡರ್ ಬಂತು. ಗೆದ್ದ ಖುಷಿ ಮಾತ್ರ ಯಾಕೋ ಬರಲಿಲ್ಲ.

ಶನಿವಾರ ಮಧ್ಯಾಹ್ನ ಅಮ್ಮ ಬಟ್ಟೆ ಮಡಚುತ್ತ ಕೇಳಿದರು.

"ಆ ಹುಡುಗನ್ನ ಒಂದ್ಸಲ ಮನೆಗೆ ಕರ್ಕೊಂಡು ಬಾರೇ."

"ಯಾವ ಹುಡುಗ?"

"ಅವತ್ತು ನಿಮ್ಮ ಸೈಟಿಂದ ಫೋನ್ ಮಾಡಿದ್ನಲ್ಲ... ಸುರಂಗ ಪೂರ್ತಿ ತೆವಳಿ ಹುಡುಕಿದೆ, ಮೇಡಂ ಸಿಗ್ತಿಲ್ಲ, ಮನೆಗೆ ಬಂದಿದಾರಾ ಅಂತ. ಮೀಟಿಂಗಿಗೆ ಹೋಗಿದಾಳಪ್ಪ ಅಂದೆ ನೋಡು... ಅಳ್ತಿದ್ದ ಕಣೇ! ನಿಂಗೆ ಹೇಳ್ಬೇಡಿ, ಗಾಬರಿಯಾಗ್ತಾರೆ ಅಂದ. ನನ್ನ ಬಾಯಿ ಎಷ್ಟು ದಿನ ಸುಮ್ನಿರುತ್ತೆ ಹೇಳು?"

ಅವಳು ಎದ್ದು ನಿಂತಳು. ಆ ಮಣ್ಣು, ಆ ತರಚಿದ ಮೊಣಕೈ... ಎಲ್ಲ ತನಗಾಗಿ! ಸೈಟಿನಲ್ಲಿ ಇವತ್ತೇ ಅವನ ಕೊನೆಯ ದಿನ! ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಅವನು ಹೆಲ್ಮೆಟ್ಟು, ಬೂಟುಗಳನ್ನು ಬ್ಯಾಗಿಗೆ ತುರುಕುತ್ತಿದ್ದ.

"ಯಾಕೆ ಹೇಳ್ಲಿಲ್ಲ?" ಏದುಸಿರು ಬಿಡುತ್ತಲೇ ಕೇಳಿದಳು. "ಅಮ್ಮ ಎಲ್ಲಾ ಹೇಳಿದ್ರು."

"ಏನಂತ ಹೇಳ್ಲಿ? ಸೇಫ್ಟಿ ಆಫೀಸರೇ ಹೆದರಿ ಅತ್ತ ಅಂತಾನಾ?"

"ನಿಮ್ಮನ್ನ ಇಲ್ಲಿಂದ ಕಳಿಸಿ ಅಂತ ಬರೆದಿದ್ದು ನಾನೇ..."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ನೀವು ಚೆನ್ನಾಗಿದ್ರಲ್ಲ. ನಂಗೆ ಅದೇ ಸಾಕಾಗಿತ್ತು."

ಅವಳ ಕಣ್ಣು ತುಂಬಿತು. "ಆರ್ಡರ್ ವಾಪಸ್ ತೆಗೆಸ್ತೀನಿ. ತಪ್ಪು ನಂದೇ ಅಂತ ಎಲ್ಲರ ಮುಂದೆ ಹೇಳ್ತೀನಿ."

"ತಪ್ಪು ಹೇಳ್ಕೊಳ್ಳಿ, ಹುಡುಗರಿಗೆ ಒಳ್ಳೇದು. ಆರ್ಡರ್ ಹಾಗೇ ಇರ್ಲಿ. ನಿಮ್ಮ ಕೈಕೆಳಗೆ ಇದ್ಕೊಂಡು ಈ ಮಾತು ಹೇಳೋಕಾಗ್ತಿರಲಿಲ್ಲ."

"ಯಾವ ಮಾತು?"

ಅವನು ತಲೆ ತಗ್ಗಿಸಿದ. "ಸುರಂಗದಲ್ಲಿ ನಿಮ್ಮ ಹೆಸರು ಕೂಗ್ತಿದ್ದಾಗ ಗೊತ್ತಾಯ್ತು... ನಾನು ಹುಡುಕ್ತಿರೋದು ಮ್ಯಾನೇಜರನ್ನಲ್ಲ ಅಂತ."

ಅವಳು ಅಳುತ್ತಲೇ ನಕ್ಕಳು. "ಥ್ಯಾಂಕ್ಸ್."

"ಯಾಕೆ?"

"ಇಷ್ಟು ವರ್ಷ ಎಲ್ಲರೂ ಕೆಲಸ ಎಲ್ಲಿಗೆ ಬಂತು ಅಂತಾನೇ ಕೇಳಿದ್ರು. ನಾನೆಲ್ಲಿದೀನಿ ಅಂತ ಕೇಳಿದ್ದು ನೀವೇ..."

"ಇನ್ಮೇಲೆ ದಿನಾ ಕೇಳ್ಲಾ ಮೇಡಂ?"

"ಆ ಮೇಡಂ ಬಿಟ್ರೆ... ಕೇಳಿ."