ಪಾತಿಗೆ ಬಿದ್ದ ಬೆರಣಿ

"ಇನ್ನೊಂದ್ ಮಂಕ್ರಿ ಸುರೀಲಾ ಕೆಂಪ, ಆ ಮೂಲೇಲಿ ಇನ್ನೂ ತಗ್ಗು ಕಾಣ್ತದೆ!"

ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಲುವಿ ಹಿತ್ತಲ ಮಧ್ಯೆ ನಿಂತು ಅಪ್ಪಣೆ ಕೊಡುತ್ತಿದ್ದಳು. ಪಕ್ಕದ ಮನೆಯ ಕೆಂಪಯ್ಯ, ಅವಳ ಕ್ಲಾಸಿನವನೇ, ಕೆರೆಯ ಗೋಡುಮಣ್ಣು ತುಂಬಿದ ಮಂಕರಿ ಹೊತ್ತು ಬೆವರುತ್ತಿದ್ದ.

"ನಾನೇನು ನಿಮ್ಮನೆ ಆಳಾ? ನಾಳೆ ನಮ್ಮನೆ ಪಾತಿ ಕಟ್ಟೋವಾಗ ನೀ ಬರ್ದೆ ಇರು, ನೋಡ್ಕತೀನಿ" ಎಂದು ಅವನು ಗೊಣಗಿದ. ಗೊಣಗುತ್ತಲೇ ಮಣ್ಣು ಸುರಿದ.

ಆಗ ಎರಡನೇ ಮಹಾಯುದ್ಧದ ಕಾಲ. ರಾಗಿಗೂ ಸೀಮೆಎಣ್ಣೆಗೂ ರೇಷನ್ನು ಬಂದಿತ್ತು. ಮಂಡ್ಯದ ಸಂತೆಯಲ್ಲಿ ತರಕಾರಿಯ ಬೆಲೆ ಕೇಳಿದವರು ಬರಿಗೈಯಲ್ಲಿ ಮನೆಗೆ ಬರುತ್ತಿದ್ದರು. ಅದಕ್ಕೇ ಮರಿಸಿದ್ದಯ್ಯ ಮೇಷ್ಟ್ರು ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದರು: "ಒಬ್ಬೊಬ್ಬರೂ ಮನೆ ಹಿತ್ತಲಲ್ಲಿ ಒಂದು ಏರುಮಡಿ ಕಟ್ಟಬೇಕು. ಸೋಮವಾರ ಎಲ್ಲರಿಗೂ ಕೋಸಿನ ಸಸಿ ಕೊಡ್ತೀನಿ."

ಮೇಷ್ಟ್ರ ಬಾಯಲ್ಲಿ ಏರುಮಡಿ. ಊರವರ ಬಾಯಲ್ಲಿ ಎತ್ತರದ ಪಾತಿ. ಎತ್ತರ ಯಾಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಊರ ಪಕ್ಕ ನಾಲೆ ಬಂದಮೇಲೆ ಗದ್ದೆಗಳು ಹಸಿರಾದವು, ಹಿತ್ತಲುಗಳು ಮಾತ್ರ ಜೌಗು ಹಿಡಿದವು. ಕಾಲಿಟ್ಟರೆ ಪಚಕ್ ಎನ್ನುತ್ತಿತ್ತು. ಹೋದ ವರ್ಷ ಇಡೀ ಬೀದಿಯ ಸೋರೆ, ಹೀರೆ, ಕುಂಬಳದ ಬಳ್ಳಿಗಳು ಬೇರು ಕೊಳೆತು ಸತ್ತಿದ್ದವು. ಚಲುವಿಯ ಅಜ್ಜಿ ಪಟ್ಟಲಮ್ಮ ಗೋಡೆಯ ಬುಡದ ದಿಬ್ಬದಲ್ಲಿ ನೆಟ್ಟು ಸೂರಿಗೆ ಹಬ್ಬಿಸಿದ್ದವು ಮಾತ್ರ ಉಳಿದಿದ್ದವು.

ಚಲುವಿಯ ಪಾತಿ ಸೊಗಸಾಗಿಯೇ ಎದ್ದಿತ್ತು. ಸುತ್ತ ಕಲ್ಲು, ಕಲ್ಲು ಸಾಲದ ಕಡೆ ಒಡೆದ ಹೆಂಚು. ಅಡಿಯಲ್ಲಿ ಕಬ್ಬಿನ ತರಗು, ಅದರ ಮೇಲೆ ಗೋಡು. ಇನ್ನು ಮೇಲಕ್ಕೊಂದು ಪದರ ಗೊಬ್ಬರ ಬಿದ್ದರೆ ಮುಗಿಯಿತು. ಆದರೆ ತಿಪ್ಪೆಗುಂಡಿ ಖಾಲಿ! ಮಳೆಗೆ ಮುಂಚೆಯೇ ಅಪ್ಪ ಅಷ್ಟನ್ನೂ ಗಾಡಿಯಲ್ಲಿ ಹೊಲಕ್ಕೆ ಹೊಡೆದಿದ್ದ.

ಕೆಂಪ ಮನೆಗೆ ಹೋದಮೇಲೆ ಚಲುವಿ ಹಿತ್ತಲೆಲ್ಲ ಕಣ್ಣಾಡಿಸಿದಳು. ಒಲೆಗೆ ಹಾಕುವ ಬೆರಣಿ ಅಟ್ಟದ ಮೇಲಿತ್ತು. ಅದನ್ನು ಮುಟ್ಟಿದರೆ ಅವ್ವ ಸುಮ್ಮನೆ ಬಿಡುವವಳಲ್ಲ. ಆದರೆ ಹಿಂದಿನ ಗೋಡೆಯ ಮೇಲೆ, ಸೂರಿನ ಕೆಳಗೆ, ಒಂದು ಸಾಲು ಬೆರಣಿ ಯಾವ ಕಾಲದಿಂದಲೋ ಅಂಟಿಕೊಂಡೇ ಇತ್ತು. ಒಣಗಿ ಗಟ್ಟಿಯಾಗಿತ್ತು. ಅದನ್ನು ಯಾರೂ ಒಲೆಗೆ ಹಾಕಿದ್ದನ್ನು ಅವಳು ನೋಡಿರಲಿಲ್ಲ. ಯಾರಿಗೂ ಬೇಡದ್ದು, ಅಂದುಕೊಂಡಳು.

ಕೇಳೋಣವೆಂದರೆ ಅಜ್ಜಿ ಊರಲ್ಲಿರಲಿಲ್ಲ. ತವರೂರು ಬಂಡೂರಿಗೆ, ಅಣ್ಣನ ಮನೆಗೆ ಹೋಗಿದ್ದಳು.

ಚಲುವಿ ಅಷ್ಟೂ ಬೆರಣಿಯನ್ನು ಕಿತ್ತಳು. ಒರಳಿಗೆ ಹಾಕಿ ಒನಕೆಯಿಂದ ಕುಟ್ಟತೊಡಗಿದಳು. ಧೂಳು ಕಣ್ಣಿಗೂ ಮೂಗಿಗೂ ಹೋಗಿ ಸೀನಿ ಸೀನಿ ಸಾಕಾಯಿತು. ಒಂದಿಷ್ಟು ಪುಡಿಯಾಗುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು. ಮಿಕ್ಕಿದ್ದನ್ನು ಬಾನಿಯ ನೀರಿಗೆ ಹಾಕಿಬಿಟ್ಟಳು. ಬೆಳಗ್ಗೆ ಅದು ಮೆತ್ತಗಾಗಿತ್ತು. ಪುಡಿಯನ್ನು ಪಾತಿಯ ಒಂದು ಕಡೆಗೆ ಚೆಲ್ಲಿ, ನೆನೆದದ್ದನ್ನು ಬಾನಿಯಿಂದ ಹಾಗೇ ಇನ್ನೊಂದು ಕಡೆಗೆ ಸುರಿದು, ಮೇಲೆ ತೆಳ್ಳಗೆ ಮಣ್ಣು ಎಳೆದು ಕೈ ತೊಳೆದುಕೊಂಡಳು.

ಅಂದು ಸಂಜೆ ಅಜ್ಜಿ ಬಂಡೂರಿಂದ ಬಂದಳು. ಅವಳು ಕಾಲು ತೊಳೆಯುವುದನ್ನೇ ಕಾದಿದ್ದವಳಂತೆ ಕೆಂಪನ ಅವ್ವ ಮುದ್ದಮ್ಮ ಬಂದು ನಿಂತಳು.

"ದೊಡ್ಡವ್ವ, ಮಳೆ ಉಯ್ತು. ಸೋರೆ ಬೀಜ ಕೊಡ್ತೀನಿ ಅಂದಿದ್ದಲ್ಲ?"

"ಅದ್ಕೇನಂತೆ, ಬಾ. ಇಡೀ ಬೀದಿಗಾಗೋವಷ್ಟು ಮಡಗಿವ್ನಿ."

ಅಜ್ಜಿ ಹಿತ್ತಲಿಗೆ ಹೋದಳು. ಗೋಡೆಯ ಮುಂದೆ ನಿಂತವಳು ನಿಂತೇ ಇದ್ದಳು. ಗೋಡೆಯ ಮೇಲೆ ಬೆರಣಿಯ ದುಂಡನೆಯ ಗುರುತುಗಳು ಮಾತ್ರ ಉಳಿದಿದ್ದವು.

"ಚಲುವಿ, ಗ್ವಾಡೆ ಮ್ಯಾಲಿದ್ದ ಬೆರಣಿ ಎಲ್ಲಮ್ಮಿ?"

"ಪಾತಿಗೆ ಆಕ್ದೆ ಅಜ್ಜಿ. ಗೊಬ್ಬರ ಇರ್ನಿಲ್ಲ." ತನ್ನ ಜಾಣತನಕ್ಕೆ ಅಜ್ಜಿ ಬೆನ್ನು ತಟ್ಟಬಹುದೆಂದು ಚಲುವಿ ನಗುತ್ತಲೇ ಹೇಳಿದಳು.

ಅಜ್ಜಿ ಒರಳಿನ ಪಕ್ಕ ಕುಸಿದು ಕೂತಳು. "ಅದ್ರೊಳ್ಗೆ ಬೀಜ ಇತ್ತಲ್ಲಮ್ಮಿ! ಉಳ ಬೀಳ್ಬಾರ್ದು, ಇಲಿ ತಿನ್ಬಾರ್ದು ಅಂತ ಸೋರೆ, ಹೀರೆ, ಕುಂಬಳದ ಬೀಜಾನೆಲ್ಲ ಸಗಣೀಲಿ ಉದುಗ್ಸಿ ಗ್ವಾಡೆಗೆ ಬಡ್ದಿದ್ದೆ."

ಚಲುವಿಯ ನಗು ಅಲ್ಲೇ ಹಾರಿಹೋಯಿತು. ಅವರೆ, ತೊಗರಿಯ ಬೀಜವನ್ನು ಅಜ್ಜಿ ಬೂದಿ ಮಡಕೆಯಲ್ಲಿ ಇಡುವುದು ಅವಳಿಗೆ ಗೊತ್ತಿತ್ತು. ಎಲ್ಲ ಬೀಜವೂ ಅದರಲ್ಲೇ ಇರುತ್ತದೆ ಅಂದುಕೊಂಡಿದ್ದಳು. ಹೋದ ವರ್ಷ ಉಳಿದದ್ದೇ ಅಜ್ಜಿಯ ಬಳ್ಳಿ. ಅಂದರೆ ಈಗ ಬೀದಿಯಲ್ಲಿ ಇನ್ಯಾರ ಹತ್ತಿರವೂ ಬೀಜವಿಲ್ಲ. ಅಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಸೋರೆ ಅದು. ಬಂಡೂರಲ್ಲೂ ಈಗ ಆ ತಳಿ ಇಲ್ಲವಂತೆ.

ಅವ್ವ ಬೈದಳು. "ಕಣ್ಣು ಕಾಣ್ನಿಲ್ವಾ? ಒಂದ್ ಮಾತು ಕೇಳಾಕೆ ಬಾಯಿ ಇರ್ನಿಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಬೈದಳು. ಅಜ್ಜಿ ಬೈಯಲಿಲ್ಲ. ರಾತ್ರಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದಳು. ಅವ್ವನ ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಆ ಅರ್ಧ ಮುದ್ದೆಯನ್ನು ನೋಡಿ ಚಲುವಿಗೆ ಅಳು ಬಂತು.

ಬೆಳಗಾಗುತ್ತಲೇ ಅವಳು ಜರಡಿ ಹಿಡಿದು ಪಾತಿಯ ಹತ್ತಿರ ಹೋದಳು. ಇಡೀ ಮಣ್ಣನ್ನು ಜರಡಿ ಹಿಡಿದರೆ ಬೀಜ ಸಿಕ್ಕೀತು. ಇನ್ನೇನು ಕೈ ಹಾಕಬೇಕು, ಹಿಂದಿನಿಂದ ಅಜ್ಜಿಯ ದನಿ ಕೇಳಿತು.

"ತಡಿ. ಎಂಗೆ ಪುಡಿ ಮಾಡ್ದೆ, ಹೇಳು."

"ಒಂದಷ್ಟ ಒನಕೇಲಿ ಕುಟ್ದೆ. ಆಮ್ಯಾಕೆ ಕೈ ನೋಯ್ತು. ಮಿಕ್ಕಿದ್ದ ನೀರಲ್ಲಿ ನೆನೆಹಾಕಿ ಸುರ್ದುಬುಟ್ಟೆ."

ಅಜ್ಜಿಯ ಹುಬ್ಬು ಮೇಲಕ್ಕೆ ಹೋಯಿತು. "ನೆನೆಹಾಕ್ದಾ? ಬಿತ್ತಾಕೆ ಮುಂಚೆ ನಾನೂ ನೆನೆಹಾಕ್ತೀನಿ ಕಣಮ್ಮಿ. ಹಂಗಾರೆ ಕೆದಕ್ಬ್ಯಾಡ. ಕೆದಕುದ್ರೆ ಮೊಳಕೆ ಮುರಿತದೆ. ಬರೋದಾದ್ರೆ ಬತ್ತದೆ."

ಚಲುವಿ ಜರಡಿಯನ್ನು ಗೋಡೆಗೆ ಆನಿಸಿಟ್ಟು ಶಾಲೆಗೆ ಹೋದಳು.

ಶಾಲೆಯಲ್ಲಿ ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು ಕೋಸಿನ ಸಸಿ ಕೊಡುತ್ತಿದ್ದರು. ಚಲುವಿಯ ಸರದಿ ಬಂತು. ಕೋಸು ನೆಡಬೇಕೆಂದರೆ ಪಾತಿಯನ್ನು ಅಗೆಯಬೇಕು.

"ನಂಗೆ ಬ್ಯಾಡ ಸಾ" ಎಂದಳು.

"ಯಾಕಮ್ಮ? ಮಡಿ ಕಟ್ಟಿಲ್ಲವೇ?"

"ಕಟ್ಟಿವ್ನಿ ಸಾ. ಎಲ್ಲರ್ಗಿಂತ ಎತ್ರುಕ್ಕೆ ಕಟ್ಟಿವ್ನಿ."

"ಅವರ ಪಾತೀಲಿ ಬೆರಣಿ ಬೆಳೀತದೆ ಸಾ!" ಎಂದು ಕೆಂಪ ಹಿಂದಿನ ಬೆಂಚಿನಿಂದ ಕೂಗಿದ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಚಲುವಿ ಬಗ್ಗಿ ಸ್ಲೇಟು ಒರೆಸುತ್ತ ಕೂತಳು. ಒರೆಸಲು ಅದರ ಮೇಲೆ ಏನೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಬೆಳಗ್ಗೆ ಎದ್ದರೆ ಪಾತಿ, ಶಾಲೆ ಬಿಟ್ಟರೆ ಪಾತಿ. ಕೋಳಿ ಬಂದರೆ ಓಡಿಸಬೇಕು, ಬಿಸಿಲು ಏರಿದರೆ ನೀರು ಚಿಮುಕಿಸಬೇಕು. ಬೀದಿಯಲ್ಲಿ ಎಲ್ಲರ ಹಿತ್ತಲಲ್ಲೂ ಕೋಸು ಎಲೆ ಬಿಡುತ್ತಿತ್ತು. ಚಲುವಿಯ ಪಾತಿಯಲ್ಲಿ ಹುಲ್ಲು ಕೂಡ ಹುಟ್ಟಲಿಲ್ಲ. ಒನಕೆಯ ಏಟಿಗೆ ಬೀಜವೆಲ್ಲ ನುಚ್ಚಾಗಿರಬಹುದು ಎಂದು ಅನ್ನಿಸಿದಾಗ ಕೈ ತಾನಾಗಿ ಜರಡಿಯ ಕಡೆ ಹೋಗುತ್ತಿತ್ತು.

ಒಂದು ರಾತ್ರಿ ಜಡಿಮಳೆ ಹೊಡೆಯಿತು. ಬೆಳಗ್ಗೆ ನೋಡಿದರೆ ಹಿತ್ತಲ ತುಂಬ ನೀರು. ಪಾತಿ ಮಾತ್ರ ನೀರಿನ ಮಧ್ಯೆ ತಲೆಯೆತ್ತಿ ನಿಂತಿತ್ತು. ಚಲುವಿ ನೀರು ದಾಟಿಕೊಂಡು ಹತ್ತಿರ ಹೋದಳು. ಮಣ್ಣು ಅಲ್ಲಲ್ಲಿ ಬಿರಿದಿತ್ತು. ಬಿರುಕಿನಲ್ಲಿ ಬೆನ್ನು ಬಾಗಿಸಿಕೊಂಡ ಒಂದು ಮೊಳಕೆ, ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹಾಕಿಕೊಂಡು ಇಣುಕುತ್ತಿತ್ತು. ಅದರ ಪಕ್ಕ ಇನ್ನೊಂದು. ಆಚೆ ಮತ್ತೊಂದು!

"ಅಜ್ಜೀ! ಅಜ್ಜೀ, ಬಾರಜ್ಜಿ ಬಿರ್ನೆ! ಬಂದವೆ!"

ಅಜ್ಜಿ ಸೀರೆ ಎತ್ತಿಕೊಂಡು ನೀರಲ್ಲೇ ಬಂದಳು. ಬಗ್ಗಿ ಒಂದೊಂದನ್ನೇ ನೋಡಿದಳು. "ಇದು ಹೀರೆ. ಇದು ಕುಂಬಳ. ಇದೂ ಹೀರೆಯೇ." ಆಮೇಲೆ ಅವಳ ಬೆರಳು ಒಂದು ಕಡೆ ನಿಂತಿತು. "ಸೋರೆ ಕಣಮ್ಮಿ. ನಮ್ಮ ಸೋರೆ."

ಒನಕೆಯ ಪುಡಿ ಬಿದ್ದ ಕಡೆ ಒಂದು ಮೊಳಕೆಯೂ ಇರಲಿಲ್ಲ. ನೆನೆದದ್ದು ಬಿದ್ದ ಕಡೆ ಮಾತ್ರ ಸಂತೆ ನೆರೆದಿತ್ತು. "ನಿನ್ನ ಸೋಮಾರಿತನ ನಮ್ಮುನ್ನ ಉಳಿಸ್ತು ನೋಡು" ಎಂದು ಅಜ್ಜಿ ನಕ್ಕಳು. ಎಷ್ಟೋ ದಿನದ ಮೇಲೆ ಬಂದ ಆ ನಗು ಕೇಳಿ ಚಲುವಿಯ ಎದೆಯ ಭಾರ ಇಳಿಯಿತು. ಅವ್ವ ಒಳಗಿನಿಂದ ಬಂದು ನೋಡಿ, ಮಗಳ ಒದ್ದೆ ಕಾಲನ್ನು ತನ್ನ ಸೆರಗಿನಿಂದ ಒರೆಸಿದಳು.

ಸಸಿಗಳು ನಾಲ್ಕು ಎಲೆ ಬಿಟ್ಟಾಗ ಬೀದಿಯವರು ತೆಂಗಿನ ಕರಟ ಹಿಡಿದುಕೊಂಡು ಬರತೊಡಗಿದರು.

"ನನ್ನ ಕೇಳ್ಬ್ಯಾಡಿ. ಪಾತಿ ಅವಳ್ದು, ಅವಳ್ನೇ ಕೇಳಿ" ಎಂದುಬಿಟ್ಟಳು ಅಜ್ಜಿ.

ಚಲುವಿ ಬೇರು ಅಲುಗದಂತೆ ಮಣ್ಣಿನ ಹೆಂಟೆಯ ಸಮೇತ ಸಸಿ ಎತ್ತಿ ಕರಟಕ್ಕೆ ಇಟ್ಟುಕೊಟ್ಟಳು. ಮುದ್ದಮ್ಮನಿಗೆ ಸೋರೆ, ಎದುರುಮನೆಯವರಿಗೆ ಕುಂಬಳ, ಬೀದಿ ಕೊನೆಯವರಿಗೆ ಹೀರೆ. ಕೆಂಪ ಅವ್ವನ ಹಿಂದೆ ಅಡಗಿಕೊಂಡು ಬಂದಿದ್ದ.

"ಯಾಕ್ಲಾ, ಬೆರಣಿ ಬ್ಯಾಡ್ವಾ?" ಎಂದಳು ಚಲುವಿ.

"ಬುಡಮ್ಮಿ, ಅದ್ನೇ ಹಿಡ್ಕಂಡ್ ಕೂತವ್ಳೆ" ಎಂದು ಅವನು ಹಲ್ಲು ಕಿರಿದು ಕರಟ ಚಾಚಿದ.

ಪ್ರತಿ ಸಸಿಯ ಜೊತೆ ಒಂದು ಹಿಡಿ ಮಣ್ಣೂ ಹೋಯಿತು. ಪಾತಿ ದಿನಕ್ಕಿಷ್ಟು ಕುಗ್ಗಿತು. ಮೇಷ್ಟ್ರು ಮಕ್ಕಳ ಪಾತಿಗಳನ್ನು ನೋಡುತ್ತ ಚಲುವಿಯ ಮನೆಗೆ ಬರುವ ಹೊತ್ತಿಗೆ ಅದರ ತುಂಬ ಗುಂಡಿಗಳೇ. ಮೂಲೆಯಲ್ಲಿ ಎರಡು ಹೀರೆ ಸಸಿ, ಮಧ್ಯದಲ್ಲಿ ಒಂದೇ ಒಂದು ಸೋರೆ.

ಮೇಷ್ಟ್ರಿಗೆ ಬೀದಿಯಲ್ಲೇ ಸುದ್ದಿಯೆಲ್ಲ ಸಿಕ್ಕಿತ್ತು. ಅವರ ಕೈಯಲ್ಲೂ ಒಂದು ಕರಟವಿತ್ತು.

"ನನಗೂ ಒಂದು ಸೋರೆ ಸಸಿ ಕೊಡಮ್ಮ. ನಮ್ಮ ಮನೆಯವರಿಗೆ ಸೋರೆಕಾಯಿ ಅಂದರೆ ಪ್ರಾಣ."

ಚಲುವಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. ಆದರೆ ಅವಳ ಕೈ ನಿಂತಿತ್ತು.

ಮೇಷ್ಟ್ರಿಗೆ ಇಲ್ಲ ಅನ್ನುವುದು ಹೇಗೆ? ಚಲುವಿ ಪಾತಿಗೂ ಮೇಷ್ಟ್ರಿಗೂ ನಡುವೆ ಬಂದು ನಿಂತಳು.

"ಅದು ಬೀಜಕ್ಕೆ ಸಾ" ಎಂದಳು. "ಕೊಡಾಕಿಲ್ಲ."

ಆಮೇಲೆ ತಾನು ಹೇಳಿದ್ದಕ್ಕೆ ತಾನೇ ಹೆದರಿ, "ಹೀರೆ ಅದೆ, ತಕ್ಕಳಿ ಸಾ" ಎಂದು ಅವಸರವಾಗಿ ಸೇರಿಸಿದಳು.

ಮೇಷ್ಟ್ರು ಗಟ್ಟಿಯಾಗಿ ನಕ್ಕು ಕರಟ ಚಾಚಿದರು. "ಹೀರೆಯೇ ಆಗಲಿ. ಆ ಬೀಜ ಬಂದಾಗ ಮೊದಲು ನನಗೆ ಹೇಳು."

ಅವರು ಹೋದಮೇಲೆ ಅಜ್ಜಿ ಸೊಪ್ಪನ್ನು ಬದಿಗಿಟ್ಟು ಎದ್ದು ಬಂದಳು. ಪಾತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸುತ್ತಲಿನ ಗುಂಡಿಗಳಿಂದ ಮಣ್ಣು ಬಾಚಿ ಸೋರೆ ಸಸಿಯ ಬುಡಕ್ಕೆ ಏರಿಸತೊಡಗಿದಳು. ಚಲುವಿ ಎದುರಿಗೆ ಕೂತು ಇನ್ನೊಂದು ಕಡೆಯಿಂದ ಏರಿಸಿದಳು.