ಅಕ್ಕನ ಕಣ್ಣಿನ ಸ್ಲೈಡ್

ದೇವರ ಮೇಲೆ ಭಾರ ಹಾಕಿ, ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಅಕ್ಕನ ಕಣ್ಣಿಗೆ ಉರಿಯೂತ. ಒಳಗೆ ಸೇರಿದ ರೋಗನಿರೋಧಕ ಕೋಶಗಳು ಯಾವುವೆಂದು ಗುರುತಿಸಿದರೆ ಸರಿಯಾದ ಔಷಧಿ, ಇಲ್ಲದಿದ್ದರೆ ಕಣ್ಣು ಹೋದಂತೆಯೇ. ಪ್ರಯೋಗಾಲಯದಲ್ಲಿ ಆ ಕೆಲಸ ನನ್ನದೇ. ಅವಳ ಕಣ್ಣಿನಿಂದ ತೆಗೆದ ಹನಿಗೆ ನೀಲಿ ಬೆಳಕಿನಲ್ಲಿ ಹೊಳೆಯುವ ಬಣ್ಣ ಹಾಕಿ, ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೀಲಿ ದೀಪ ಹಚ್ಚಿದೆ. ವಾರ್ಡಿನಿಂದ ಅಕ್ಕನ ಫೋನು.

“ಕಣ್ಣಿಗೆ ಪಟ್ಟಿ ಕಟ್ಟಿದಾರೆ ಕಣೇ, ಆದ್ರೂ ನೀಲಿ ಬೆಳಕು ಚುಚ್ತಿದೆ!”

ದೀಪ ಆರಿಸಿದೆ. “ಹೋಯ್ತು,” ಎಂದಳು. ಮತ್ತೆ ಹಚ್ಚಿ ಬಗ್ಗಿ ನೋಡಿದೆ.

“ಅಯ್ಯೋ, ನಿನ್ನ ಕಣ್ಣು ಕಾಣ್ತಿದೆಯಲ್ಲೇ! ಹಂಡೆಯಷ್ಟು ದೊಡ್ಡದು!”

ಥಟ್ಟನೆ ಹಿಂದೆ ಸರಿದೆ. ಆದರೂ ಅವಳು ನರಳುತ್ತಿದ್ದಂತೆಯೇ ಕೋಶಗಳನ್ನು ಎಣಿಸಿ ಮುಗಿಸಿದೆ. ಬಣ್ಣ ಮಾಸದಿರಲೆಂದು, ಎಂದಿನಂತೆ, ಸ್ಲೈಡನ್ನು ಕತ್ತಲ ಡಬ್ಬಿಯಲ್ಲಿಟ್ಟು ಮುಚ್ಚಿದೆ.

ಔಷಧಿ ನಾಟಿತು. ಕಣ್ಣು ಚೊಕ್ಕವಾಗಿದೆ ಎನ್ನುತ್ತಾರೆ ವೈದ್ಯರು. ಆದರೆ ಅಕ್ಕನಿಗೆ ಆ ಕಣ್ಣಿನಲ್ಲಿ ಬರೀ ಕತ್ತಲೆ. ನಾನು ಡಬ್ಬಿ ತೆರೆದಾಗ ಮಾತ್ರ ಕಾಣುತ್ತದಂತೆ: ನನ್ನ ಮೇಜು, ನಾನು.